ನಾವು ಹಸಿರು ಬಳಿದ ಜಾಗ

"ಇದು ಆಗ್ಲಿಕ್ಕಿಲ್ಲ" ಎಂದು ಮೊದಲು ಹೇಳಿದವರು ನನ್ನ ಭಾವ. ಅಕ್ಕನ ಗಂಡ. ಬಹರೇನಿನ ಟುಬ್ಲಿಯಲ್ಲಿ ನಾನು ಕೆಲಸ ಮಾಡುವ ಮಾಡೆಲ್ ವರ್ಕ್‌ಶಾಪಿನ ಮ್ಯಾನೇಜರ್ ಕೂಡ ಅವರೇ. ಬೆಳಗಿನ ಚಾ ಹೊತ್ತಿಗೆ, ಎಲ್ಲರ ಎದುರಿಗೇ ಹೇಳಿದರು.

"ವಿಲ್ಲಾ ಮಾಡಿ ಅಭ್ಯಾಸ ಆದವ ಈಗ ಊರು ಮಾಡ್ಲಿಕ್ಕೆ ಹೊರಟಿದ್ದಾನೆ. ಅದೂ ಸ್ಕಾಟ್‌ಲೆಂಡಿನದ್ದು. ನಿನ್ನ ಊರಿನ ಬಸ್ ಸ್ಟ್ಯಾಂಡ್ ಒಂದು ನೆನಪಿನಿಂದ ಬಿಡಿಸಿ ತೋರಿಸು ಮಾರಾಯ, ಆಮೇಲೆ ನೋಡುವ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ವರ್ಕ್‌ಶಾಪ್ ಇರುವುದು ಒಂದು ಟಯರ್ ಅಂಗಡಿಯ ಹಿಂದೆ. ಬಿಲ್ಡರ್‌ಗಳ ಸೇಲ್ಸ್ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುವ ಟವರ್, ವಿಲ್ಲಾಗಳ ಸಾಲು, ನೀಲಿ ಅಕ್ರಿಲಿಕ್ಕಿನ ಈಜುಕೊಳ, ಅದರ ಸುತ್ತ ಖರ್ಜೂರದ ಮರಗಳು, ಇಷ್ಟೇ ನಮ್ಮ ಕೆಲಸ. ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆ ತೋರಿಸುವವರು ನಾವು. ಆಗಲೇ ಇರುವ, ನೂರಾರು ವರ್ಷ ಹಳೆಯ ಊರೊಂದನ್ನು ಇದ್ದ ಹಾಗೆ ಮಾಡಿಕೊಡಿ ಎಂದು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಆದರೆ ಆ ಕೆಲಸ ನನಗೆ ಬೇಕಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಮಂಗಳೂರಿನಲ್ಲಿ ಹಗಲು ನಕ್ಷೆ ಬಿಡಿಸುತ್ತಾ, ಸಂಜೆ ಕ್ಲಾಸಿಗೆ ಓಡುತ್ತಾ, ಒಂದೊಂದು ಪೇಪರನ್ನು ಎರಡೆರಡು ಸಲ ಬರೆದು ಸಿವಿಲ್ ಇಂಜಿನಿಯರ್ ಆದವನು. ಹಾಗಿದ್ದೂ ಬಹರೇನಿನ ನನ್ನ ವೀಸಾದಲ್ಲಿ ಉದ್ಯೋಗ ಅಂತ ಇರುವಲ್ಲಿ ಬರೆದದ್ದು ಕಾರ್ಪೆಂಟರ್ ಎಂದು. ಬರುವಾಗ ಸಿಕ್ಕಿದ ವೀಸಾ ಅದೇ. ಬದಲಾಯಿಸಿ ಕೊಡಿ ಎಂದು ಬಹರೇನಿ ಮಾಲೀಕರ ಹತ್ತಿರ ಕೇಳಿದಾಗಲೆಲ್ಲ ಅವರು ನಗುತ್ತಾ ಒಂದೇ ಮಾತು ಹೇಳುತ್ತಿದ್ದರು: ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೀನೇ ನಿಂತು ಮುಗಿಸು, ಗಿರಾಕಿ ಸಹಿ ಹಾಕಿದ ಕಂಪ್ಲೀಷನ್ ಸರ್ಟಿಫಿಕೇಟಿನಲ್ಲಿ ನಿನ್ನ ಹೆಸರು ಇರಲಿ, ಮರುದಿನವೇ ಕಾಗದ ಬದಲಾಯಿಸುತ್ತೇನೆ. ಹಾಗಾಗಿ ಬೇರೆ ಯಾರಿಗೂ ಬೇಡವಾದ ಈ ಕೆಲಸಕ್ಕೆ ನಾನು ಕೈ ಎತ್ತಿದೆ.

ಗಿರಾಕಿ ಒಬ್ಬ ಮುದುಕ ಸ್ಕಾಟಿಷ್ ಇಂಜಿನಿಯರ್. ಪ್ರಾಯದಲ್ಲಿ ಇಲ್ಲಿಯ ಅವಾಲಿಗೆ ಎಣ್ಣೆ ಕಂಪೆನಿಯ ಕೆಲಸಕ್ಕೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ಬೇಸಿಗೆಗೊಮ್ಮೆ ಊರಿಗೆ ಹೋಗಿಬರುತ್ತಿದ್ದರು. ಅವರ ಊರು ಗ್ಲಾಸ್ಗೋದಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಸಣ್ಣ ಪೇಟೆ. ಅಲ್ಲಿನ ರೈಲ್ವೆ ಸ್ಟೇಷನ್ನಿನ ಹಳೆಯ ವೇಟಿಂಗ್ ರೂಮನ್ನು ಊರಿನವರು ಸೇರಿ ಒಂದು ಪುಟ್ಟ ಮ್ಯೂಸಿಯಂ ಮಾಡಿಕೊಂಡಿದ್ದರಂತೆ. ಅದರ ನಡುವೆ ಇಡಲು ಊರಿನ ಮಾಡೆಲ್ ತಾನು ಮಾಡಿಸಿ ಕೊಡುತ್ತೇನೆ ಎಂದು ಇವರು ಮಾತು ಕೊಟ್ಟುಬಿಟ್ಟಿದ್ದರು.

ಮೊದಲ ದಿನ ಅವರು ನಮ್ಮ ಕಟಿಂಗ್ ಟೇಬಲ್ಲಿನ ಮೇಲೆ ಮ್ಯಾಪ್ ಹರಡಿ ಊರಿನ ಕಥೆ ಹೇಳಿದರು. ಮೊದಲು ಹೊಳೆಯ ಬದಿಯಲ್ಲಿ ನಾಲ್ಕು ಮನೆ, ಒಂದು ಚರ್ಚು. ಹೊಳೆಯ ನೀರಿನ ಬಲ ನೋಡಿ ಯಾರೋ ಹತ್ತಿ ಮಿಲ್ಲು ಕಟ್ಟಿದರು. ಮಿಲ್ಲಿನವರಿಗಾಗಿ ಕಲ್ಲಿನ ಸಾಲುಮನೆಗಳು ಎದ್ದವು. ಮಿಲ್ಲಿನ ಬಟ್ಟೆ ಸಾಗಿಸಲು ರೈಲು ಬಂತು. ಅವರ ಅಜ್ಜಿ, ಅಮ್ಮ ಇಬ್ಬರೂ ಆ ಮಿಲ್ಲಿನಲ್ಲಿ ನೂಲು ಸುತ್ತಿದವರು. ಮಗ್ಗಗಳ ಸದ್ದಿಗೆ ಕಿವಿ ಕೆಟ್ಟು ಅಮ್ಮ ಮನೆಯಲ್ಲಿಯೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರಂತೆ. ಆಮೇಲೆ ಮಿಲ್ಲು ಮುಚ್ಚಿತು. ಮಿಲ್ಲಿಗಾಗಿ ಬಂದ ರೈಲು ಮಾತ್ರ ಉಳಿಯಿತು. ಈಗ ಬೆಳಿಗ್ಗೆ ಜನ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಗ್ಲಾಸ್ಗೋದ ಆಫೀಸುಗಳಿಗೆ ಹೋಗುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಮಿಲ್ಲಿದ್ದ ಜಾಗದಲ್ಲಿ ಹೊಸ ಮನೆಗಳು. ಚರ್ಚಿನ ಒಳಗೆ ಫ್ಲ್ಯಾಟುಗಳು. ಪೇಟೆಯ ಅಂಗಡಿಗಳಲ್ಲಿ ಅರ್ಧ ಮುಚ್ಚಿವೆ, ಉಳಿದವುಗಳಲ್ಲಿ ಒಂದು ಹಳೆ ಬಟ್ಟೆ ಮಾರುವ ಧರ್ಮದ ಅಂಗಡಿ, ಒಂದು ಚೀನೀ ಊಟದ್ದು, ಒಂದು ಪಾಕಿಸ್ತಾನಿ ಕುಟುಂಬದ ದಿನಸಿ ಅಂಗಡಿ.

ಇದನ್ನು ನಮ್ಮ ಲೇಸರ್ ಮೆಷಿನ್ ನಡೆಸುವ, ಪಾಕಿಸ್ತಾನದ ಸಿಯಾಲ್‌ಕೋಟಿನ ಉಸ್ತಾದ್‌ಗೆ ನಾನು ಹಿಂದಿಯಲ್ಲಿ ಹೇಳಿದಾಗ ಅವನಿಗೆ ಆ ದಿನಸಿ ಅಂಗಡಿಯೊಂದೇ ಮನಸ್ಸಿಗೆ ಹಿಡಿಯಿತು. ಅದರ ಬೋರ್ಡು ತಾನೇ ಮಾಡುತ್ತೇನೆಂದ.

ಮುದುಕರು ಕೇಳಿದ್ದು ಒಂದು ವಾರದ ದಿನದ ಬೆಳಗ್ಗೆ, ಆಫೀಸಿನ ರೈಲು ಹೊರಟುಹೋದ ಮೇಲಿನ ಊರು. ಸ್ಟೇಷನ್ನಿನ ಪಾರ್ಕಿಂಗ್ ತುಂಬ ಕಾರು, ಬೀದಿಯಲ್ಲಿ ಬೆರಳೆಣಿಕೆಯ ಜನ. ಒಬ್ಬ ಅಂಚೆಯವನು, ಕೈಗಾಡಿ ಎಳೆಯುವ ಒಬ್ಬ ಮುದುಕಿ, ಮಗುವಿನ ಗಾಡಿ ತಳ್ಳುವ ಇಬ್ಬರು ಹೆಂಗಸರು. ಭಾವ ತಲೆ ಕೆರೆದುಕೊಂಡರು. ನಮ್ಮ ಮಾಡೆಲ್‌ಗಳಲ್ಲಿ ಜನ ಎಷ್ಟಿದ್ದರೂ ಸಾಲದು. ಶಾಪಿಂಗ್ ಚೀಲ ಹಿಡಿದವರು, ಕೊಡೆಯ ಕೆಳಗೆ ಕೂತವರು. "ಜನ ಇಲ್ಲದ ಊರನ್ನು ಯಾರು ನೋಡ್ತಾರೆ?" ಎಂದರು. ಅಲ್ಲಿ ಯಾವುದನ್ನೂ ಮಾರುವುದಕ್ಕಿಲ್ಲ ಎಂಬುದು ಅವರ ತಲೆಗೆ ಹತ್ತಲೇ ಇಲ್ಲ. ನನಗೂ ಹತ್ತಿರಲಿಲ್ಲ.

ಸ್ಕೇಲ್ ಐನೂರಕ್ಕೆ ಒಂದು. ಅಂದರೆ ಹತ್ತು ಮೀಟರಿನ ಮನೆ ಎರಡು ಸೆಂಟಿಮೀಟರ್. ಇಡೀ ಊರು ಒಂದು ದೊಡ್ಡ ಊಟದ ಮೇಜಿನಷ್ಟು. ಅದನ್ನು ನಾಲ್ಕು ತುಂಡು ಮಾಡಿ ಪೆಟ್ಟಿಗೆಯಲ್ಲಿಟ್ಟು ಹಿದ್ ಬಂದರಿನಿಂದ ಹಡಗಿನಲ್ಲಿ ಕಳುಹಿಸುವುದು. ಊರು ಇಳಿಜಾರಿನಲ್ಲಿ ಇರುವುದರಿಂದ ಮ್ಯಾಪಿನ ಎತ್ತರದ ಗೆರೆಗಳ ಪ್ರಕಾರ ಮರದ ಪುಡಿ ಒತ್ತಿ ಮಾಡಿದ ತೆಳು ಎಂಡಿಎಫ್ ಹಲಗೆಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದೆವು. ಬಹರೇನಿನಲ್ಲಿ ಇಂಥ ಕೆಲಸ ನಮಗೆ ಬೀಳುವುದೇ ಇಲ್ಲ, ಇಲ್ಲಿಯ ನೆಲ ಅಂಗೈಯ ಹಾಗೆ. ಉಸ್ತಾದ್ ಬೆಟ್ಟ ಕಟ್ಟುವ ಖುಷಿಯಲ್ಲಿ ಹಾಡು ಹೇಳುತ್ತಾ ಅಂಟಿಸಿದ.

ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. ಆಗಸ್ಟ್ ತಿಂಗಳು, ಗಾಳಿಯಲ್ಲಿ ನೀರು ಹಿಂಡುವಷ್ಟು ಸೆಕೆ. ಶುಕ್ರವಾರ ರಜೆಗೆ ಯಾರೋ ಏಸಿ ಆರಿಸಿ ಹೋಗಿದ್ದರು. ಶನಿವಾರ ಬಾಗಿಲು ತೆರೆದಾಗ ಹಲಗೆಯ ಮೂಲೆಗಳು ಹಪ್ಪಳದಂತೆ ಎದ್ದಿದ್ದವು. ಹೊಳೆ ಬೆಟ್ಟ ಹತ್ತುತ್ತಿತ್ತು. ಮೇಲ್ಗಡೆ ಮಾತ್ರ ಪೇಂಟ್ ಹೊಡೆದು ಅಡಿಭಾಗ ಹಾಗೆಯೇ ಬಿಟ್ಟಿದ್ದೆವು, ತೇವ ಅಡಿಯಿಂದ ಹೀರಿಕೊಂಡಿತ್ತು. ತಪ್ಪು ನನ್ನದೇ. ಎಲ್ಲ ಕಿತ್ತು ಹೊಸದಾಗಿ ಕತ್ತರಿಸಿ, ಈ ಸಲ ಎರಡೂ ಬದಿಗೆ, ಅಂಚುಗಳಿಗೆ ಕೂಡ ತೇವ ತಡೆಯುವ ಸೀಲರ್ ಹೊಡೆದು, ಕೆಳಗೆ ಅಲ್ಯೂಮಿನಿಯಂ ಚೌಕಟ್ಟು ಕೊಟ್ಟೆ. ಭಾವ ಬಂದು ನೋಡಿ, "ಇಂಜಿನಿಯರಿಗೆ ನೀರು ಮೇಲೆ ಹತ್ತುದಿಲ್ಲ ಅಂತ ಗೊತ್ತಾಯ್ತಾ?" ಎಂದು ಹೋದರು.

ಎರಡನೆಯದು ನಗು ಬರುವಂಥದ್ದು. ಮನೆಗಳನ್ನೆಲ್ಲ ಇಟ್ಟಾದ ಮೇಲೆ ನೋಡುತ್ತೇನೆ, ನಮ್ಮ ಹುಡುಗರು ಪ್ರತಿ ಮನೆಗೂ ಒಂದು ಕಂಪೌಂಡ್ ಗೋಡೆ ಕತ್ತರಿಸಿ ಅಂಟಿಸಿದ್ದಾರೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಗಿಡದ ಬೇಲಿಗಳು ಕಪ್ಪು ಗೆರೆಯಾಗಿ ಕಾಣುತ್ತಿದ್ದವು, ಅದನ್ನು ಗೋಡೆ ಎಂದುಕೊಂಡಿದ್ದರು. ಇಲ್ಲಿ ಗೋಡೆಯಿಲ್ಲದ ವಿಲ್ಲಾ ಇಲ್ಲ, ನಮ್ಮ ಊರಿನಲ್ಲಂತೂ ಗಲ್ಫಿನಿಂದ ಹಣ ಬಂದರೆ ಮನೆಗಿಂತ ಮೊದಲು ಕಂಪೌಂಡ್ ಏಳುತ್ತದೆ. ಗೋಡೆಯಿಲ್ಲದೆ ಮನೆ ಇರಬಹುದು ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಚಿಮಟದಲ್ಲಿ ಒಂದೊಂದಾಗಿ ಕಿತ್ತು, ಪಾಚಿಬಣ್ಣದ ಸ್ಪಂಜನ್ನು ಹೆರೆದು ಬೇಲಿ ಮಾಡಿದೆವು. ಬಣ್ಣವೂ ಕೈಕೊಟ್ಟಿತು. ನಮ್ಮ ಪೇಂಟಿನ ಕಪಾಟಿನಲ್ಲಿ ಇರುವುದೆಲ್ಲ ಮರಳಿನ, ಕೆನೆಯ, ಬಿಸ್ಕತ್ತಿನ ಬಣ್ಣ. ಮಳೆಗೆ ನೆನೆದ ಕಲ್ಲಿನ ಬಣ್ಣ ತರಲು ನಾನು ಮುದುಕರ ಫೋಟೋಗಳನ್ನು ಗೋಡೆಗೆ ಅಂಟಿಸಿ, ಬೂದಿಗೆ ಚೂರು ನೀಲಿ, ಚೂರು ಕಂದು ಬೆರೆಸುತ್ತಾ ವಾರವಿಡೀ ಕಳೆದೆ.

ಈ ನಡುವೆ ಪಪ್ಪ ಬಂದರು.

ಅಕ್ಕ ವಿಸಿಟ್ ವೀಸಾ ಮಾಡಿಸಿ ಕರೆಸಿಕೊಂಡದ್ದು. ನಾನೂ ಅಕ್ಕ-ಭಾವನ ಜೊತೆ ಗುದೈಬಿಯಾದ ಫ್ಲ್ಯಾಟಿನಲ್ಲೇ ಇರುವುದು. ಪಪ್ಪ ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದರು. ನಮ್ಮ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಅವರು ಗೋರಿಗೆ ಗುಂಡಿ ತೋಡುವವರು. ಗಂಟೆ ಬಾರಿಸುವುದು, ಅಂಗಳ ಗುಡಿಸುವುದು ಕೂಡ ಇತ್ತು. ಆದರೆ ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಗುಂಡಿಯವರ ಮಗ ಎಂದೇ. ಯಾರದಾದರೂ ಮಣ್ಣಿನ ದಿನ ಪೂಜೆ ಮುಗಿದು ಜನ ಇಗರ್ಜಿಯ ಹಾಲ್‌ನೊಳಗೆ ಕೂತು ಕಾಫಿ ಕುಡಿಯುವಾಗ ಪಪ್ಪ ಹಾರೆ ತೊಳೆದು ಬಾವಿಕಟ್ಟೆಯ ಹತ್ತಿರ ನಿಂತಿರುತ್ತಿದ್ದರು. ಅವರ ಕಾಫಿ ಅಲ್ಲಿಗೇ ಹೋಗುತ್ತಿತ್ತು. ಒಳಗೆ ಬನ್ನಿ ಎಂದು ಯಾರೂ ಕರೆದದ್ದು ನಾನು ಕಾಣೆ. ಬರಬೇಡಿ ಎಂದೂ ಯಾರೂ ಹೇಳಿರಲಿಲ್ಲ. ಆ ಹಾರೆಯೇ ನನ್ನನ್ನು ಓದಿಸಿದ್ದು.

ಫ್ಲ್ಯಾಟಿನಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಅಕ್ಕನಿಗೆ ಆಸ್ಪತ್ರೆ ಡ್ಯೂಟಿ. ಪಪ್ಪ ಕಿಟಕಿಯಲ್ಲಿ ಕೂತು ಕೆಳಗಿನ ಪಾರ್ಕಿಂಗ್ ನೋಡುತ್ತಿದ್ದರು. ನೀನು ಕೆಲಸ ಮಾಡುವ ಜಾಗ ಒಮ್ಮೆ ನೋಡಬೇಕಲ್ಲ ಎಂದು ಬಂದ ವಾರವೇ ಕೇಳಿದರು. ಈಗ ಪೇಂಟಿನ ವಾಸನೆ ಉಂಟು ಎಂದೆ. ಇನ್ನೊಮ್ಮೆ ಕೇಳಿದಾಗ ಧೂಳು ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ವರ್ಕ್‌ಶಾಪಿನಲ್ಲಿ ನಾನು ಇಂಜಿನಿಯರ್ ಸಾಬ್. ಉಸ್ತಾದ್ ಅರ್ಧ ತಮಾಷೆಗೆ ಕರೆದರೂ ಆ ಹೆಸರು ನನಗೆ ಇಷ್ಟ. ಅಪ್ಪ ಏನು ಮಾಡುತ್ತಿದ್ದರು ಎಂದು ಅಲ್ಲಿಯವರು ಕೇಳಿಯೇ ಕೇಳುತ್ತಾರೆ, ಪಪ್ಪ ನೇರವಾಗಿ ಹೇಳಿಯೇ ಹೇಳುತ್ತಾರೆ. ನಾನು ತಪ್ಪಿಸುತ್ತಿದ್ದದ್ದು ಅದನ್ನು.

ಮಾಡೆಲ್ ಮುಗಿಯಿತು. ಪ್ಯಾಕಿಂಗಿಗೆ ಮರದ ಪೆಟ್ಟಿಗೆ ಬಂತು, ಹಿದ್‌ನಲ್ಲಿ ಹಡಗಿನ ಜಾಗ ಹೇಳಿಯಾಗಿತ್ತು. ಕಂಪ್ಲೀಷನ್ ಸರ್ಟಿಫಿಕೇಟನ್ನು ನಾನೇ ಟೈಪ್ ಮಾಡಿದೆ. ಪ್ರಾಜೆಕ್ಟ್ ಇನ್‌ಚಾರ್ಜ್ ಎಂಬ ಕಡೆ ನನ್ನ ಹೆಸರು, ಮುಂದೆ ಬಿ.ಇ. ಮುದುಕರು ನೋಡಿ ಸಹಿ ಹಾಕಲು ಬಂದರು.

ಅವರು ಸ್ಟೇಷನ್ನಿನಿಂದ ಶುರುಮಾಡಿ, ಬೆರಳನ್ನು ಗಾಳಿಯಲ್ಲೇ ನಡೆಸುತ್ತಾ ಬೀದಿ ಬೀದಿ ನೋಡಿದರು. ಕಾರುಗಳನ್ನು ನೋಡಿ ನಕ್ಕರು. ಪೇಟೆಬೀದಿಗೆ ಬಂದಾಗ ನಗು ಸಣ್ಣದಾಯಿತು. ಅಲ್ಲಿ ಎಲ್ಲ ಅಂಗಡಿಗಳೂ ತೆರೆದಿದ್ದವು, ಬೋರ್ಡುಗಳಲ್ಲಿ ದೀಪ ಉರಿಯುತ್ತಿತ್ತು. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕ್ರಮ ಇದೆ, ಬಾಯಿಮಾತಿನದ್ದು. ಮಾಡೆಲ್‌ನಲ್ಲಿ ಕಸ ತೋರಿಸುವುದಿಲ್ಲ, ಮುಚ್ಚಿದ ಶಟರ್ ತೋರಿಸುವುದಿಲ್ಲ, ಗೋರಿ ತೋರಿಸುವುದಿಲ್ಲ. ಮ್ಯಾಪಿನಲ್ಲಿ ಗೋರಿಗಳ ಜಾಗ ಬಂದರೆ ಹಸಿರು ಬಳಿದು ಎರಡು ಮರ ನೆಡುವುದು. ಇದರಲ್ಲಿ ಮೋಸ ಎಂದು ನಮಗೆ ಅನಿಸುತ್ತಿರಲಿಲ್ಲ. ಮನೆಗೆ ನೆಂಟರು ಬರುವಾಗ ಹರಕು ಚಾಪೆ ಒಳಗೆ ಎಳೆಯುವುದಿಲ್ಲವೇ, ಹಾಗೆ. ಇವರದಂತೂ ಹುಟ್ಟಿದ ಊರು, ಅದರ ಮುಚ್ಚಿದ ಅಂಗಡಿಗಳನ್ನು ಅವರ ಕಣ್ಣೆದುರಿಗೆ ಇಡುವುದು ಮರ್ಯಾದೆಯಲ್ಲ ಎಂದೇ ನಾನು ಎಣಿಸಿದ್ದು.

ಮುದುಕರು ಚರ್ಚಿನ ಹತ್ತಿರ ಬಂದು ನಿಂತರು. ಅದರ ಹಿಂದೆ, ಇಳಿಜಾರಿನಲ್ಲಿ, ಹಸಿರು ಚೌಕ. ಹುಲ್ಲುಪುಡಿ ಉದುರಿಸಿ ನುಣ್ಣಗೆ ಮಾಡಿದ್ದೆವು. ಆ ಜಾಗಕ್ಕೆ ಬೆರಳು ತಾಗದ ಹಾಗೆ ತೋರಿಸಿ ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟು:

"ನನ್ನ ಅಪ್ಪ ಅಮ್ಮ ಇಲ್ಲಿದ್ದಾರೆ. ನೀವು ಅವರ ಮೇಲೆ ಫುಟ್‌ಬಾಲ್ ಮೈದಾನ ಮಾಡಿದ್ದೀರಿ."

ನಾನು ತಕ್ಷಣ ಒಂದು ಮಾತು ಹೇಳಿದೆ. ಈಗ ನೆನೆದರೂ ಮುಖ ಬಿಸಿಯಾಗುತ್ತದೆ. ಈ ಸ್ಕೇಲಿನಲ್ಲಿ ಗೋರಿಯ ಕಲ್ಲು ಎರಡು ಮಿಲ್ಲಿಮೀಟರ್ ಸಾರ್, ಅಷ್ಟು ಸಣ್ಣದು ಬರುವುದಿಲ್ಲ, ಎಂದೆ. ಇಂಜಿನಿಯರಿನ ಗತ್ತಿನಲ್ಲೇ ಹೇಳಿದೆ.

ಅವರು ಪೇಟೆಬೀದಿಯ ಮೂಲೆಯ ಕೆಂಪು ಅಂಚೆಡಬ್ಬಿಯನ್ನು ನೋಡಿದರು. ಅದನ್ನು ನಾನೇ ಮಾಡಿದ್ದು, ಗೋರಿಯ ಕಲ್ಲಿಗಿಂತ ದೊಡ್ಡದೇನಲ್ಲ. "ಅಂಚೆಡಬ್ಬಿ ಬಂದಿದೆಯಲ್ಲ" ಎಂದರು. ಅಷ್ಟೇ. ಆಮೇಲೆ ಅವರೇ ನನ್ನ ಭುಜ ತಟ್ಟಿ, ಪರವಾಗಿಲ್ಲ, ಉಳಿದದ್ದೆಲ್ಲ ಬಹಳ ಚೆನ್ನಾಗಿದೆ ಎಂದು ಕಿಸೆಯಿಂದ ಪೆನ್ನು ತೆಗೆದರು. ಭಾವ ಕಾಯುತ್ತಿದ್ದವರಂತೆ ಸರ್ಟಿಫಿಕೇಟನ್ನು ಅವರ ಮುಂದೆ ಸರಿಸಿದರು.

ಸಹಿ ಬಿದ್ದಿದ್ದರೆ ನನ್ನ ವೀಸಾ ಬದಲಾಗುತ್ತಿತ್ತು. ಅವರು ನನ್ನನ್ನು ಬೈದಿದ್ದರೆ ಬಹುಶಃ ನಾನು ಸುಮ್ಮನಿದ್ದು ಸಹಿ ತೆಗೆದುಕೊಳ್ಳುತ್ತಿದ್ದೆ. ಬೈಯದೆ ಭುಜ ತಟ್ಟಿದರಲ್ಲ, ಅದು ತಡೆಯಲಾಗಲಿಲ್ಲ. ಮ್ಯಾಪಿನಲ್ಲಿ ಆ ಜಾಗವನ್ನು ಮೊದಲ ದಿನವೇ ಕಂಡವನು ನಾನು. ಯಾರನ್ನೂ ಕೇಳದೆ, ಉಸ್ತಾದ್‌ಗೆ ಅದನ್ನು ಬೇಗ ಮುಚ್ಚಿಬಿಡು ಎಂದು ಹೇಳಿದವನೂ ನಾನೇ. ಬೇರೆ ಯಾವ ಮಾಡೆಲ್‌ನಲ್ಲಿಯೂ ನಾನು ಅಷ್ಟು ಅವಸರ ಮಾಡಿರಲಿಲ್ಲ.

ಸಾರ್, ಈಗ ಸಹಿ ಬೇಡ, ನನಗೆ ಸ್ವಲ್ಪ ಸಮಯ ಕೊಡಿ, ಆ ಜಾಗವನ್ನೂ ಪೇಟೆಬೀದಿಯನ್ನೂ ಸರಿಮಾಡುತ್ತೇನೆ ಎಂದೆ. ಭಾವ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಮುದುಕರು ಹೋದ ಮೇಲೆ ಭಾವನ ಬಾಯಿ ತೆರೆಯಿತು. ಈ ಹಡಗು ತಪ್ಪಿದರೆ ಮುಂದಿನದು ಯಾವಾಗ ಸಿಗುತ್ತದೋ, ಮಾಲೀಕರಿಗೆ ಗೊತ್ತಾದರೆ ಇನ್‌ಚಾರ್ಜ್ ಹೆಸರನ್ನೇ ತೆಗೆದುಹಾಕುತ್ತಾರೆ, ಎಲ್ಲ ಹೇಳಿದರು. "ಹಡಗು ಎಂತ ನಿನ್ನ ಮಾವನದ್ದಾ, ಕಾಯ್ಲಿಕ್ಕೆ? ಅವರು ಬೇಡ ಅಂದ್ರೂ ನೀನು ಬೇಕು ಅಂತೀಯಲ್ಲ. ನಿನ್ನ ಪಪ್ಪ ಜೀವಮಾನ ಇಡೀ ಗುಂಡಿ ತೋಡಿದ್ದು ಸಾಲದಾ? ಇನ್ನು ನೀನು ಇಲ್ಲಿ ಬಹರೇನಿನಲ್ಲಿ ತೋಡು."

ಉಸ್ತಾದ್‌ಗೆ ಕನ್ನಡ ಬಾರದು, ಸದ್ಯ. ಆದರೂ ನಾನು ಮೊದಲು ಅವನ ಮುಖ ನೋಡಿದೆ, ತಿಳಿಯಿತೋ ಎಂದು.

ಕೆಲಸ ಹೀಗೆ ಸಾಗಿತು. ಮುದುಕರ ಹತ್ತಿರ ಆ ಜಾಗದ ಫೋಟೋ ಕೇಳಿದೆ, ಕಳೆದ ಬೇಸಿಗೆಯಲ್ಲಿ ತೆಗೆದವನ್ನು ಕಳುಹಿಸಿದರು. ಹಸಿರು ಚೌಕವನ್ನು ಅಂಚಿನುದ್ದಕ್ಕೂ ಬ್ಲೇಡಿನಲ್ಲಿ ಕೊರೆದು ಎಬ್ಬಿಸಿದೆವು. ಕಲ್ಲುಗಳನ್ನು ಒಂದೊಂದಾಗಿ ಕತ್ತರಿಸಿದರೆ ಲೇಸರಿನ ಗಾಳಿಗೇ ಹಾರಿಹೋಗುತ್ತಿದ್ದವು. ಹಾಗಾಗಿ ಗಟ್ಟಿ ಕಾರ್ಡಿನಲ್ಲಿ ಬಾಚಣಿಗೆಯಂತೆ ಪಟ್ಟಿ ಕತ್ತರಿಸಿ, ಹಲ್ಲುಗಳು ಕಲ್ಲಾಗುವಂತೆ, ಬೆನ್ನು ನೆಲದ ಸೀಳಿನೊಳಗೆ ಇಳಿಯುವಂತೆ ಮಾಡಿದೆ. ಒಂದು ಸಾಲು ಇಟ್ಟು ದೂರ ನಿಂತು ನೋಡಿದರೆ ಪಾರ್ಕಿಂಗಿನ ಕಂಬಗಳ ಹಾಗೆ ಕಂಡಿತು. ಎಲ್ಲವೂ ಒಂದೇ ಎತ್ತರ, ಎಲ್ಲವೂ ನೆಟ್ಟಗೆ. ನಮ್ಮ ಕೈಗೆ ಬರುವುದು ಅದೇ, ಒಂದನ್ನು ಮಾಡಿ ನೂರು ಸಲ ಕಾಪಿ ಮಾಡುವುದು. ಎರಡನೆಯ ಸಲ ಹಲ್ಲುಗಳ ಎತ್ತರ, ಅಗಲ, ತಲೆಯ ಆಕಾರ ಬೇರೆ ಬೇರೆ ಬಿಡಿಸಿದೆ. ಕೆಲವು ಕಡೆ ಅಂತರ ಬಿಟ್ಟೆ. ಆಮೇಲೆ ಚಿಮಟದ ತುದಿಯಿಂದ ಒಂದೊಂದನ್ನು ತುಸು ವಾಲಿಸಿದೆ. ಹಳೆಯವು ಹೆಚ್ಚು, ಹೊಸವು ಕಡಿಮೆ. ಪೆಟ್ಟಿಗೆ ಹೂತ ಮಣ್ಣು ಕೂರುವಾಗ ಕಲ್ಲು ಯಾವ ಕಡೆಗೆ ವಾಲುತ್ತದೆ ಎಂಬುದಕ್ಕೆ ನನಗೆ ಫೋಟೋ ಬೇಕಿರಲಿಲ್ಲ.

ಪೇಟೆಬೀದಿಯಲ್ಲಿ ದೀಪದ ವಯರು ಕಿತ್ತು, ಮುಚ್ಚಿದ ಅಂಗಡಿಗಳಿಗೆ ಮಾಸಿದ ಹಲಗೆ ಜಡಿದೆವು. ಉಸ್ತಾದ್ ತನ್ನ ದಿನಸಿ ಅಂಗಡಿಯ ದೀಪ ಮಾತ್ರ ತೆಗೆಯಲು ಬಿಡಲಿಲ್ಲ. "ಯೇ ತೋ ಖುಲಾ ಹೈ, ಸಾಬ್" ಎಂದ. ಆ ಅಂಗಡಿ ತೆರೆದೇ ಇರುವುದು, ಅವನು ಹೇಳಿದ್ದು ಸರಿಯೇ ಇತ್ತು.

ಒಂದು ಶುಕ್ರವಾರ ಮಧ್ಯಾಹ್ನ ಆ ಬಾಚಣಿಗೆ ಪಟ್ಟಿಗಳನ್ನು ಫ್ಲ್ಯಾಟಿಗೇ ತಂದು, ಊಟದ ಮೇಜಿನ ಮೇಲೆ ಭೂತಕನ್ನಡಿ ಇಟ್ಟು ಬಣ್ಣ ಹಚ್ಚುತ್ತಿದ್ದೆ. ಪಪ್ಪ ಮೀನಿನ ಊಟ ಮುಗಿಸಿ ಎದುರಿಗೆ ಬಂದು ಕೂತರು. ಕೆಲಸ ನೋಡಲು ಸಿಕ್ಕಿದ್ದಕ್ಕೆ ಅವರಿಗೆ ಸಂತೋಷ. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಎಂತ ಅದು, ಎಂದು ಕೇಳಿದರು.

"ಪಾರ್ಕಿನ ಬೆಂಚು" ಎಂದೆ.

ಯಾಕೆ ಹೇಳಿದೆನೋ, ನಾಲಗೆಗೆ ಬಂದದ್ದು ಅದು. ಪಪ್ಪ ಭೂತಕನ್ನಡಿಯಲ್ಲಿ ಬಗ್ಗಿ ನೋಡಿದರು. ನಾನು ಒಂದು ಸಾಲಿಗೆ ಬಣ್ಣ ಹಚ್ಚಿ ಮುಗಿಸುವವರೆಗೂ ನೋಡುತ್ತಲೇ ಇದ್ದರು.

"ಎಲ್ಲಾ ಬೆಂಚು ಒಂದೇ ಬದಿಗೆ ಮುಖ ಮಾಡಿಯಾ?"

"ಹೌದು. ಅಲ್ಲಿ ಹಾಗೇ."

"ಒಳ್ಳೆದು" ಎಂದು ಎದ್ದು ಕಿಟಕಿಯ ಹತ್ತಿರ ಹೋಗಿ ಕೂತರು.

ಹಡಗು ತಪ್ಪಿತು. ಮಾಲೀಕರು ಬಂದು, ಗಿರಾಕಿಯೇ ಫೋನ್ ಮಾಡಿ ತನಗೆ ಅವಸರವಿಲ್ಲ ಎಂದು ಹೇಳಿದ್ದರಿಂದ ಸುಮ್ಮನಿದ್ದೇನೆ, ಆದರೆ ಇನ್ನೊಮ್ಮೆ ಅವರು ಮುಖ ಸಣ್ಣ ಮಾಡಿದರೆ ಈ ಕಾಗದದಿಂದ ನಿನ್ನ ಹೆಸರು ಹೋಯಿತು ಎಂದು ಎಚ್ಚರಿಸಿ ಹೋದರು. ಮುಂದಿನ ಹಡಗಿಗೆ ಜಾಗ ಸಿಕ್ಕಿತು. ಮುದುಕರು ಮತ್ತೆ ಬರುವ ದಿನ ಗೊತ್ತಾಯಿತು.

ಆ ದಿನ ಬೆಳಿಗ್ಗೆಯೇ ನಮ್ಮ ಫ್ಲ್ಯಾಟಿನ ಏಸಿ ಕೆಟ್ಟಿತು. ಅಕ್ಕ ಡ್ಯೂಟಿಗೆ ಹೋಗಿಯಾಗಿತ್ತು. ಆ ಸೆಕೆಯಲ್ಲಿ ಪ್ರಾಯ ಆದವರನ್ನು ಒಬ್ಬರೇ ಬಿಟ್ಟು ಬರುವುದು ಹೇಗೆ ಎಂದು ಭಾವ ಪಪ್ಪನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಂದರು. ನಾನು ಮಾಡೆಲ್‌ಗೆ ಕೊನೆಯ ಬ್ರಷ್ ಆಡಿಸುತ್ತಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಪಪ್ಪ, ಮದುವೆಗೆ ಹೋಗುವ ಬಿಳಿ ಶರ್ಟು ಹಾಕಿಕೊಂಡು. ಒಳಗೆ ಬರಲಿಲ್ಲ. ಬಾಗಿಲಿನ ಪಕ್ಕದಲ್ಲಿ ಎಂಡಿಎಫ್ ಹಲಗೆಗಳ ರಾಶಿಗೆ ಒರಗಿ ನಿಂತರು. ಬನ್ನಿ ಎಂದು ನಾನು ಕರೆಯಬಹುದಿತ್ತು. ಮುದುಕರ ಕಾರು ಬಂದ ಸದ್ದಾಯಿತು, ನಾನು ಅವರನ್ನು ಎದುರುಗೊಳ್ಳಲು ಪಪ್ಪನ ಪಕ್ಕದಿಂದಲೇ ದಾಟಿ ಹೊರಗೆ ಹೋದೆ.

ಈ ಸಲ ಮುದುಕರು ಸ್ಟೇಷನ್ನಿನ ಕಡೆಗೆ ಹೋಗಲಿಲ್ಲ. ನೇರ ಚರ್ಚಿನ ಹಿಂದಕ್ಕೆ ಹೋಗಿ ಕನ್ನಡಕ ಬದಲಾಯಿಸಿ ಬಗ್ಗಿದರು. ಸಾಲು ಎಣಿಸುತ್ತಿದ್ದಾರೆಂದು ತುಟಿ ನೋಡಿ ತಿಳಿಯಿತು. ಒಂದು ಕಲ್ಲಿನ ಹತ್ತಿರ ನಿಲ್ಲಿಸಿ ತಲೆಯಾಡಿಸಿದರು. ಆಮೇಲೆ ಪೇಟೆಬೀದಿಗೆ ಬಂದು, ಹಲಗೆ ಜಡಿದ ಒಂದು ಅಂಗಡಿ ತೋರಿಸಿ, ಇಲ್ಲಿ ನಾನು ಮೊದಲ ಸೂಟು ಹೊಲಿಸಿದ್ದು ಎಂದರು. ಕಲ್ಲುಗಳು ವಾಲಿದ್ದು ಎಷ್ಟು ಸರಿಯಾಗಿದೆ, ಎಲ್ಲಿ ಕಲಿತೆ ಎಂದು ಕೇಳಿದರು.

ಫೋಟೋ ನೋಡಿ ಕಲಿತದ್ದು ಎಂದೆ.

ಅಷ್ಟರಲ್ಲಿ ಅವರ ಕಣ್ಣು ಬಾಗಿಲ ಹತ್ತಿರ ನಿಂತಿದ್ದ ಬಿಳಿ ಶರ್ಟಿನ ಮೇಲೆ ಬಿತ್ತು. ಯಾರು ಎಂದರು. ನನ್ನ ತಂದೆ ಎಂದೆ. ಓ, ಅವರೂ ಇಂಜಿನಿಯರೇ, ಎಂದು ಕೇಳಿದರು, ಗೌರವಕ್ಕೇ ಕೇಳಿದ್ದು. ಉಸ್ತಾದ್ ನನ್ನ ಮುಖ ನೋಡುತ್ತಿದ್ದ.

"ಚರ್ಚಿನಲ್ಲಿ ಕೆಲಸದಲ್ಲಿದ್ದರು" ಎಂದೆ ಇಂಗ್ಲಿಷಿನಲ್ಲಿ. ಸುಳ್ಳಲ್ಲ. ಆದರೆ ನನಗೆ ಗೊತ್ತಿತ್ತು, ಮತ್ತೆ ಹಸಿರು ಬಳಿಯುತ್ತಿದ್ದೇನೆ ಎಂದು. ಇಷ್ಟು ದಿನ ಚಿಮಟ ಹಿಡಿದು ಕಿತ್ತದ್ದನ್ನು ಒಂದೇ ಮಾತಿನಲ್ಲಿ ತಿರುಗಿ ಅಂಟಿಸಿದ್ದೆ.

ಆಗ ಬಾಯಿ ಹಾಕಿದವರು ಭಾವ. ಅವರ ಇಂಗ್ಲಿಷ್ ಆಫೀಸಿನದ್ದು, ಕ್ರಿಯಾಪದ ಇಲ್ಲದ್ದು. ಕೈಯಲ್ಲಿ ಹಾರೆ ಎತ್ತಿ ಹಾಕುವ ಅಭಿನಯ ಮಾಡಿ, ಇವರು ನನ್ನ ಮಾವ, ನಮ್ಮ ಊರಿನ ಎಲ್ಲರ ಗೋರಿಯ ಗುಂಡಿ ಇವರದೇ, ನನ್ನ ಅಪ್ಪನದ್ದೂ ಇವರೇ, ಒಂದೂ ಓರೆ ಇಲ್ಲ, ಎಂದರು. ತಮಾಷೆಗೆ ಹೇಳಿದ್ದಲ್ಲ. ಅವರ ಅಪ್ಪನನ್ನು ಮಣ್ಣು ಮಾಡಿದ ದಿನ ಜೋರು ಮಳೆ ಇತ್ತು. ಗುಂಡಿಯ ನೀರನ್ನು ಪಪ್ಪ ಬಕೆಟಿನಲ್ಲಿ ಎತ್ತಿ ಹಾಕುತ್ತಾ ಒಳಗೇ ನಿಂತಿದ್ದರು. ಅದನ್ನು ಭಾವ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾರೆಂದು ನನಗೆ ಆ ಹೊತ್ತಿನವರೆಗೆ ಗೊತ್ತಿರಲಿಲ್ಲ.

ಮುದುಕರು ಮೇಜು ಸುತ್ತಿ ಬಾಗಿಲವರೆಗೆ ನಡೆದುಹೋಗಿ ಪಪ್ಪನ ಕೈ ಹಿಡಿದರು. ತಿರುಗಿ ಬಂದು ಪೆನ್ನು ತೆಗೆದು ಸಹಿ ಹಾಕಿದರು. ಕಾಗದವನ್ನು ನನಗೆ ಕೊಡುವ ಬದಲು, ಇದನ್ನು ನಿಮ್ಮ ಮಾವನವರ ಕೈಗೆ ಕೊಡಿ ಎಂದು ಭಾವನಿಗೆ ಕೊಟ್ಟರು. ಭಾವ ಅದನ್ನು ಪಪ್ಪನಿಗೆ ಒಯ್ದು ಕೊಟ್ಟರು.

ಪಪ್ಪ ಎರಡೂ ಕೈಯನ್ನು ಶರ್ಟಿಗೆ ಒರೆಸಿಕೊಂಡು ತೆಗೆದುಕೊಂಡರು. ಇಂಗ್ಲಿಷ್ ಅವರಿಗೆ ಓದಲು ಬಾರದು. ನಿನ್ನ ಹೆಸರು ಎಲ್ಲಿ ಎಂದರು. ನಾನು ಹತ್ತಿರ ಹೋಗಿ ತೋರಿಸಿದೆ. ಅದರ ಮುಂದಿನ ಎರಡು ಅಕ್ಷರ ಎಂತದ್ದು ಎಂದು ಕೇಳಿದರು. ಅದು ಡಿಗ್ರಿ ಎಂದೆ.

ಉಸ್ತಾದ್ ಎಲ್ಲರಿಗೂ ಚಾ ತಂದ. ಮುದುಕರು ಕೂತರು, ಭಾವ ಕೂತರು. ಮೇಜಿನ ಹತ್ತಿರ ಒಂದು ಸ್ಟೂಲು ಖಾಲಿ ಇತ್ತು. ಪಪ್ಪ ಮಾತ್ರ ಚಾ ಲೋಟ ಹಿಡಿದು ಆ ಹಲಗೆ ರಾಶಿಯ ಪಕ್ಕದಲ್ಲೇ ನಿಂತಿದ್ದರು. ಕೂತ್ಕೊಳ್ಳಿ ಪಪ್ಪ ಎಂದೆ. ಅವರು ಸ್ಟೂಲನ್ನು ನೋಡಿದರು, ಮುದುಕರನ್ನು ನೋಡಿದರು, ಆಮೇಲೆ ನನ್ನನ್ನು. ಕೊಂಕಣಿಯಲ್ಲಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದರು:

"ನಾನು ಅಲ್ಲಿ ಕೂತ್ರೆ ನಿನಗೆ ಏನೂ ತೊಂದ್ರೆ ಆಗ್ಲಿಕ್ಕಿಲ್ಲ ಅಲ್ವಾ, ಮಗಾ?"